ಎರಡು ಕಾರ್ಡುಗಳ ಮೇಲೆ ಹೊರಿಸಿದ ತಪ್ಪು

ಆ ಶನಿವಾರ ಮಧ್ಯಾಹ್ನ ಅಪ್‌ಡೇಟ್ ಒತ್ತಿದವನು ನಾನು. ಪರದೆ ಕಪ್ಪಾದಾಗ ಗಾಬರಿಬಿದ್ದು, ಕೆಲಸ ನಡೆಸುತ್ತಿದ್ದ ಕಂಪ್ಯೂಟರನ್ನು ಗುಂಡಿ ಅದುಮಿ ಹಿಡಿದು ಆರಿಸಿದವನೂ ನಾನೇ. ನನ್ನ ಹೆಂಡತಿಯ ತಮ್ಮ ದಿನೇಶ ‘ನೀವು ಏನಾದರೂ ಮುಟ್ಟಿದಿರಾ’ ಎಂದು ಕೇಳಿದಾಗ ಇಲ್ಲ ಎಂದೆ. ಸೋಮವಾರ ಮಾಲೀಕರ ಎದುರು ಕುಳಿತು, ಬೇರೆ ಬೇರೆ ಕಂಪನಿಯ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಒಂದೇ ಕಂಪ್ಯೂಟರಿಗೆ ಹಾಕಿದ್ದರಿಂದ ಹೀಗಾಯಿತು ಎಂದು ಹೇಳಿದೆ. ಹಾಗೆ ಹಾಕಿದವನು ದಿನೇಶ. ಅವನ ಕೆಲಸ ಹೋಯಿತು. ನನ್ನದು ಉಳಿಯಿತು.

ಬರೆದು ನೋಡಿದರೆ ಇಷ್ಟೇ — ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದಷ್ಟು. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಸುಳ್ಳು ಹೇಳಿದ ದಿನ ನನಗೆ ಅಂಥ ಆಯಾಸವೇನೂ ಆಗಲಿಲ್ಲ. ಆಯಾಸ ಶುರುವಾದದ್ದು ಆಮೇಲೆ. ಹಬ್ಬದೂಟಕ್ಕೆ ಅವನು ನನ್ನ ಪಕ್ಕದ ಎಲೆಗೆ ಬಂದು ಕುಳಿತಾಗ, ‘ಭಾವ, ನಿಮಗೆ ಇನ್ನೊಂದು ಹೋಳಿಗೆ?’ ಎಂದು ಕೇಳಿದಾಗ...

ನನ್ನದು ಧಾರವಾಡದ ಮನೆತನ. ತಂದೆ ನೌಕರಿಗೆಂದು ಮುಂಬಯಿಗೆ ಬಂದವರು, ನಾನು ಹುಟ್ಟಿ ಬೆಳೆದದ್ದೆಲ್ಲ ಸಯನ್ನಿನಲ್ಲಿ. ಶೈಲಾ ಅದೇ ಬಿಲ್ಡಿಂಗಿನ ಹಿಂದಿನ ವಿಂಗಿನ ಹುಡುಗಿ. ಅವರದು ಉಡುಪಿ ಕಡೆಯ ಹೋಟೆಲಿನ ಕುಟುಂಬ. ಅವಳ ತಂದೆ, ಅಂದರೆ ನನ್ನ ಮಾವ, ಸ್ಟೇಷನ್ ಹತ್ತಿರದ ತಮ್ಮ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಆಯುಷ್ಯ ಕಳೆದವರು. ನಾವಿಬ್ಬರೂ ಮೆಚ್ಚಿ ಮದುವೆಯಾಗುತ್ತೇವೆಂದಾಗ ಎರಡೂ ಮನೆಗಳಲ್ಲಿ ಮಾತು ನಿಂತುಹೋಯಿತು. ಶೈಲಾಳ ಮನೆಯಲ್ಲಿ ನಮ್ಮ ಪರವಾಗಿ ಮೊದಲು ಬಾಯಿ ತೆರೆದವನು ದಿನೇಶ. ಅಪ್ಪನಿಗೆ ಎದುರಾಡಿ ಗೊತ್ತಿಲ್ಲದ ಮನೆಯಲ್ಲಿ ಅವನು ಅಕ್ಕನಿಗೋಸ್ಕರ ಎದುರಾಡಿದ್ದ. ನನ್ನ ಸಂಸಾರ ಅವನ ಆ ಒಂದು ಮಾತಿನ ಮೇಲೆ ನಿಂತದ್ದು ಎಂದು ನಾನೇ ಎಷ್ಟೋ ಸಲ ಜನರ ಮುಂದೆ ಹೇಳಿದ್ದೇನೆ. ಹೇಳುವುದೇನು — ಹೇಳುವುದು ಸುಲಭ.

ಅವನಿಗೆ ಹೋಟೆಲು ಬೇಡವಾಗಿತ್ತು. ಡಿಗ್ರಿ ಮುಗಿಸುವ ಹೊತ್ತಿಗೇ ಬಿಲ್ಡಿಂಗಿನ ಅರ್ಧ ಮನೆಗಳ ಕಂಪ್ಯೂಟರುಗಳು ಅವನ ಕೈಯಲ್ಲಿ ಒಂದಲ್ಲ ಒಂದು ಸಲ ಬಿಚ್ಚಿಸಿಕೊಂಡಿದ್ದವು. ಯಾವುದನ್ನೂ ‘ಆಗುವುದಿಲ್ಲ’ ಎಂದು ಬಿಡುವವನಲ್ಲ. ಜೋರು ದನಿ, ಜೋರು ನಗು, ತನಗೆ ಗೊತ್ತಿರುವುದನ್ನು ಹತ್ತು ಜನಕ್ಕೆ ಕೇಳುವಂತೆ ಹೇಳುವ ಚಟ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಗಂಟೆಗಟ್ಟಲೆ ನಿಂತು ಬಿಡಿಭಾಗಗಳ ಬಗ್ಗೆ ವಾದ ಮಾಡಿ ಬರುತ್ತಿದ್ದ. ಮುಂದೆ ತಾನೇ ಒಂದು ಅಂಗಡಿ ಇಡಬೇಕು, ಸಿನಿಮಾ-ಜಾಹೀರಾತಿನವರಿಗೆ ಬೇಕಾದಂಥ ಮಷೀನು ಕಟ್ಟಿಕೊಡಬೇಕು ಎಂಬುದು ಅವನ ಆಸೆ. ಆ ಅಂಗಡಿಗೆ ಹೆಸರೂ ಯೋಚಿಸಿದ್ದ. ನಾನು ಅಂಧೇರಿಯ ಸಣ್ಣ ಸ್ಟುಡಿಯೊದಲ್ಲಿ ವಿಡಿಯೊ ಎಡಿಟರ್. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳಲು ಒಬ್ಬ ಬೇಕೆಂದಾಗ ಮಾಲೀಕರಾದ ಸಾವಂತರಿಗೆ ದಿನೇಶನ ಹೆಸರು ಹೇಳಿದೆ. ಮಗ ಹೋಟೆಲಿಗೆ ಬರಲಿಲ್ಲವೆಂದು ಮಾವ ಸಿಟ್ಟಾದರು. ಶೈಲಾ ನನ್ನ ಕೈ ಹಿಡಿದು, ‘ನನ್ನ ತಮ್ಮನಿಗೆ ಒಂದು ದಾರಿ ಮಾಡಿದ್ರಿ’ ಎಂದಳು.

ನಮ್ಮ ಸ್ಟುಡಿಯೊದ ಕೆಲಸ ಬಿಲ್ಡರುಗಳಿಗೆ ಚಿತ್ರ ಮಾಡಿಕೊಡುವುದು. ಇನ್ನೂ ಪಾಯ ತೋಡದ ಕಟ್ಟಡದ ಲಾಬಿ, ಈಜುಕೊಳ, ಹದಿನೆಂಟನೇ ಮಹಡಿಯ ಬಾಲ್ಕನಿಯಿಂದ ಕಾಣುವ ಸೂರ್ಯಾಸ್ತ — ಇವನ್ನೆಲ್ಲ ಕಂಪ್ಯೂಟರಿನಲ್ಲೇ ಕಟ್ಟಿ, ನಿಜವಾಗಿ ಅಲ್ಲಿ ನಡೆದಾಡಿದ ಹಾಗೆ ತೋರಿಸುವುದು. ಆ ಒಂದೊಂದು ಚಿತ್ರವನ್ನೂ ಕಂಪ್ಯೂಟರು ಬೆಳಕು ನೆರಳು ಲೆಕ್ಕಹಾಕಿ ಬಿಡಿಸಬೇಕು — ಅದೇ ರೆಂಡರ್. ಅದಕ್ಕೆ ಬೇಕಾಗುವುದೇ ಗ್ರಾಫಿಕ್ಸ್ ಕಾರ್ಡ್. ನಮ್ಮಲ್ಲಿದ್ದ ದೊಡ್ಡ ಮಷೀನಿನಲ್ಲಿ ಅಂಥ ಒಂದು ಕಾರ್ಡಿತ್ತು. ರೆಂಡರ್ ನಡೆಯುತ್ತಿರುವಾಗ ನಾನು ಎಡಿಟಿಂಗ್ ಮಾಡುವ ಹಾಗಿರಲಿಲ್ಲ, ನಾನು ಎಡಿಟಿಂಗಿಗೆ ಕುಳಿತರೆ ರೆಂಡರ್ ನಿಲ್ಲುತ್ತಿತ್ತು.

ಲಾಕ್‌ಡೌನ್ ಸಡಿಲಾಗಿ ಕೆಲಸ ಒಟ್ಟಿಗೇ ಬಂದು ಬಿತ್ತು. ಅದೇ ಹೊತ್ತಿಗೆ ಪೇಟೆಯಲ್ಲಿ ಕಾರ್ಡೇ ಇಲ್ಲ. ಅದೇ ಕಂಪನಿಯ ಇನ್ನೊಂದು ಕಾರ್ಡಿಗಾಗಿ ದಿನೇಶ ಅಲೆಯದ ಅಂಗಡಿಯಿಲ್ಲ. ಕೊನೆಗೆ ದಾದರಿನಲ್ಲಿ ಮುಚ್ಚಿಹೋದ ಗೇಮಿಂಗ್ ಪಾರ್ಲರೊಂದರಿಂದ ಒಂದು ಕಾರ್ಡು ತಂದ. ತಂದದ್ದು ಇನ್ನೊಂದು ಕಂಪನಿಯದು.

ಇದು ಸಾಮಾನ್ಯವಾಗಿ ಯಾರೂ ಮಾಡುವ ಕೆಲಸವಲ್ಲ. ಪ್ರತಿ ಕಂಪನಿಯ ಕಾರ್ಡಿಗೂ ಅದರದೇ ಡ್ರೈವರ್ ಇರುತ್ತದೆ — ಕಾರ್ಡು ಮತ್ತು ಕಂಪ್ಯೂಟರಿನ ನಡುವೆ ಮಾತು ದಾಟಿಸುವ ತಂತ್ರಾಂಶ. ಎರಡು ಕಂಪನಿಯ ಎರಡು ಡ್ರೈವರುಗಳು ಒಂದೇ ಮಷೀನಿನಲ್ಲಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ, ಮಷೀನು ಕೆಡುತ್ತದೆ ಎಂದು ನಾನೂ ಕೇಳಿದ್ದೆ, ಸಾವಂತರೂ ಕೇಳಿದ್ದರು. ಸ್ಟುಡಿಯೊದಲ್ಲಿ ಎಲ್ಲರೂ ಮೇಜಿನ ಸುತ್ತ ನಿಂತಿದ್ದರು. ದಿನೇಶ ಸ್ಕ್ರೂಡ್ರೈವರ್ ಹಿಡಿದು ನಗುತ್ತಿದ್ದ.

“ಎರಡೂ ಸೇರಿ ಒಂದು ದೊಡ್ಡ ಕಾರ್ಡ್ ಆಗುದಿಲ್ಲ ಭಾವ, ಅದು ನನಗೂ ಗೊತ್ತುಂಟು. ಆದ್ರೆ ರೆಂಡರಿಗೆ ಒಂದು, ನಿಮ್ಮ ಎಡಿಟಿಂಗಿಗೆ ಒಂದು ಅಂತ ಹಂಚಿ ಕೊಟ್ರೆ ಆಯ್ತಲ್ಲ. ಜಗಳ ಎಂತಕ್ಕೆ ಮಾಡ್ತವೆ? ನೀವು ಧಾರವಾಡ, ಅಕ್ಕ ಉಡುಪಿ. ಒಂದೇ ಅಡುಗೆಮನೆಯಲ್ಲಿ ನಡೀತಾ ಉಂಟಲ್ಲ ಮಾರಾಯ್ರೆ?”

ಕನ್ನಡ ಬಾರದವರಿಗೆ ಅವನೇ ಹಿಂದಿಯಲ್ಲಿ ಮತ್ತೆ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಷೀನು ನಡೆಯಿತು. ಮೊದಲ ದಿನ ಎರಡು ಸಲ ಸ್ತಬ್ಧವಾಯಿತು. ದಿನೇಶ ಕದಲದೆ ಕುಳಿತು ಏನೇನೋ ಬದಲಿಸಿದ. ಆಮೇಲೆ ತೊಂದರೆಯಿಲ್ಲ. ಒಂದು ಕಡೆ ಕಟ್ಟಡಗಳು ತಾವಾಗಿ ಏಳುತ್ತಿದ್ದವು, ಇನ್ನೊಂದು ಕಡೆ ನಾನು ನಿನ್ನೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತಿದ್ದೆ. ಆ ತಿಂಗಳುಗಳಲ್ಲಿ ನಾವು ಮಾಡಿದಷ್ಟು ಕೆಲಸ ಹಿಂದೆಂದೂ ಮಾಡಿರಲಿಲ್ಲ. ದಿನೇಶ ಒಂದೇ ಮಾತು ಹೇಳಿದ್ದ: ಈ ಎರಡು ಡ್ರೈವರುಗಳು ಈಗ ಹೊಂದಿಕೊಂಡಿವೆ, ಅಪ್‌ಡೇಟ್ ಎಂದು ಏನೇ ಬಂದರೂ ಯಾರೂ ಒಪ್ಪಿಗೆ ಕೊಡಬಾರದು, ತನಗೆ ಹೇಳಬೇಕು.

ಇಲ್ಲಿಂದ ಮುಂದಿನದನ್ನು ನಾನು ನನಗೇ ಎಷ್ಟೋ ರೀತಿಯಲ್ಲಿ ಹೇಳಿಕೊಂಡಿದ್ದೇನೆ. ಕೆಲಸದ ಒತ್ತಡವಿತ್ತು, ಎಡಿಟಿಂಗ್ ತಂತ್ರಾಂಶ ಹೊಸ ಡ್ರೈವರ್ ಕೇಳುತ್ತಿತ್ತು, ಅದರಿಂದ ವೇಗ ಹೆಚ್ಚುತ್ತದೆಂದು ಎಲ್ಲೋ ಓದಿದ್ದೆ — ಇವೆಲ್ಲ ಸುಳ್ಳಲ್ಲ. ಆದರೆ ನಾನು ಅದನ್ನು ಒತ್ತಿದ್ದು ಇವುಗಳಿಗಾಗಿ ಅಲ್ಲ.

ಸಾವಂತರು ಈಗ ಕೆಲಸ ಒಪ್ಪಿಕೊಳ್ಳುವ ಮೊದಲು ದಿನೇಶನನ್ನು ಕೇಳುತ್ತಿದ್ದರು. ‘ದಿನೇಶ್, ಹೋ ಜಾಯೇಗಾ ಕ್ಯಾ?’ — ಆಗುತ್ತದೆಯೇ ಎಂದು. ಅವನು ಹೂಂ ಎಂದರೆ ಹೂಂ. ಮೊದಲು ಆ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು. ನಾನು ಕರೆತಂದ ಹುಡುಗ, ನನ್ನ ಹೆಂಡತಿಯ ತಮ್ಮ — ಸಂತೋಷಪಡಬೇಕಾದವನು ನಾನು. ಪಟ್ಟೆನೆಂದೇ ನಟಿಸಿದೆ. ಆ ಶುಕ್ರವಾರ ಊಟದ ಹೊತ್ತಿನಲ್ಲಿ, ಅಪ್‌ಡೇಟ್ ಮಾಡಿಬಿಡೋಣವೇ ಎಂದು ನಾನು ಕೇಳಿದಾಗ, ಅವನು ಡಬ್ಬಿಯಿಂದ ತಲೆಯೆತ್ತದೆ ಎಲ್ಲರಿಗೂ ಕೇಳುವಂತೆ ಹೇಳಿದ: “ಭಾವ, ನಿಮಗೆ ಎಷ್ಟು ಸಲ ಹೇಳುದು? ನೀವು ಎಡಿಟ್ ಮಾಡಿ ಸಾಕು. ಇದು ನಿಮ್ಮ ತಲೆಗೆ ಹೋಗುವ ವಿಷಯ ಅಲ್ಲ.”

ಅವನು ತಮಾಷೆಗೆ ಹೇಳಿದ್ದು. ಅವನ ರೀತಿಯೇ ಅದು. ಮರುಕ್ಷಣ ತನ್ನ ಡಬ್ಬಿಯ ಮೀನಿನ ತುಂಡೊಂದನ್ನು ‘ಧಾರವಾಡದವರಿಗೆ ಹೇಳ್ಬೇಡಿ’ ಎನ್ನುತ್ತ ನನ್ನ ಮುಂದೆ ಹಿಡಿದ. ಅವರ ಮನೆಗೆ ಅಳಿಯನಾಗಿ ಹೋದ ಮೇಲೆ ನಾನು ಮೀನು ತಿನ್ನಲು ಕಲಿತದ್ದು ಅವನಿಗೆ ದೊಡ್ಡ ಖುಷಿ. ನಾನು ಬೇಡವೆಂದೆ.

ಶನಿವಾರ ಅರ್ಧ ದಿನ. ಎಲ್ಲರೂ ಹೋದ ಮೇಲೆ ನಾನೊಬ್ಬನೇ ಉಳಿದೆ. ಒಂದು ದೊಡ್ಡ ಬಿಲ್ಡರಿನ ಚಿತ್ರ ಕೊನೆಯ ಹಂತದಲ್ಲಿತ್ತು. ಬರುವ ವಾರ ಅವರ ಸಮಾರಂಭ. ಅದೇ ಮಷೀನಿನಲ್ಲಿ ಜೊತೆಗೇ ರೆಂಡರ್ ನಡೆಯುತ್ತಿತ್ತು. ಮೂಲೆಯಲ್ಲಿ ಅಪ್‌ಡೇಟಿನ ಸೂಚನೆ ಮತ್ತೆ ಬಂತು. ನನ್ನ ತಲೆಗೆ ಹೋಗುವ ವಿಷಯ ಹೌದೋ ಅಲ್ಲವೋ ನೋಡೋಣ ಎಂದು — ಹೌದು, ಇದೇ ಶಬ್ದಗಳಲ್ಲಿ ಅಂದುಕೊಂಡು — ಒತ್ತಿದೆ.

ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಡ್ರೈವರ್ ಬದಲಾಗುವಾಗ ಪರದೆ ಹಾಗೆ ಕಪ್ಪಾಗುವುದು ಸಹಜ, ತಾಳಿದರೆ ತಾನಾಗಿ ಮರಳುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಕಂಡದ್ದು ಬರೀ ಕಪ್ಪು, ಅದರೊಳಗೆ ನನ್ನದೇ ಮುಖ. ಗುಂಡಿಯನ್ನು ಅದುಮಿ ಹಿಡಿದೆ. ಫ್ಯಾನುಗಳ ಸದ್ದು ಒಮ್ಮೆಲೆ ನಿಂತಿತು.

ಮತ್ತೆ ಹಚ್ಚಿದಾಗ ಮಷೀನು ನೆಟ್ಟಗೆ ಏಳಲಿಲ್ಲ. ನೀಲಿ ಪರದೆ ಬರುವುದು, ಆರುವುದು, ಮತ್ತೆ ಬರುವುದು. ರೆಂಡರ್ ಬರೆಯುತ್ತಿರುವಾಗಲೇ ನಾನು ಆರಿಸಿದ ಆ ಡಿಸ್ಕಿನಲ್ಲೇ ನಮ್ಮ ಇಡೀ ಪ್ರಾಜೆಕ್ಟ್ ಇತ್ತು. ಬೇರೆ ಕಡೆ ಇಟ್ಟಿದ್ದ ನಕಲು ಹಳೆಯದು. ಬಿಲ್ಡರು ಅರ್ಧಕ್ಕರ್ಧ ಬದಲಿಸಿ ಹೇಳುವ ಮೊದಲಿನದು.

ದಿನೇಶನಿಗೆ ಫೋನು ಮಾಡಿದೆ. ಅವನು ಸಯನ್ನಿನಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ಬೆವರಿನಲ್ಲಿ ತೊಯ್ದು ಬಂದ. ನೀರೂ ಕುಡಿಯದೆ ಮಷೀನಿನ ಮುಂದೆ ಕುಳಿತ. ಅವನ ಬೆನ್ನ ಹಿಂದೆ ನಾನು ನಿಂತಿದ್ದೆ. ಡಿಸ್ಕಿನಲ್ಲಿದ್ದ ಫೈಲುಗಳು ಒಂದೊಂದಾಗಿ ತೆರೆಯಲು ನಿರಾಕರಿಸುತ್ತಿದ್ದುದನ್ನು ಇಬ್ಬರೂ ನೋಡಿದೆವು. ಆಮೇಲೆ ಅವನು ಕುರ್ಚಿ ತಿರುಗಿಸಿದ.

“ಭಾವ, ಅಪ್‌ಡೇಟ್ ಎಂತಾದ್ರೂ ಕೊಟ್ಟಿದ್ರಾ?”

“ಇಲ್ಲಪಾ. ನಾ ಏನೂ ಮುಟ್ಟಿಲ್ಲ. ಕೆಲಸ ಮಾಡ್ಕೋತ ಕುಂತಿದ್ದೆ, ಒಮ್ಮೆಲೆ ಬಂದ್ ಆತು.”

ಅವನು ನನ್ನ ಮುಖವನ್ನೇ ನೋಡಿದ. ಅನುಮಾನದಿಂದಲ್ಲ. ಅನುಮಾನವಿದ್ದಿದ್ದರೆ ಇಂದು ನನಗೆ ಎಷ್ಟೋ ಹಗುರವಾಗಿರುತ್ತಿತ್ತು. ಉತ್ತರ ಸಿಕ್ಕಿತು ಎಂಬಂತೆ ತಲೆಯಾಡಿಸಿ ಮತ್ತೆ ಪರದೆಯ ಕಡೆ ತಿರುಗಿದ. ಇನ್ನೊಮ್ಮೆ ಕೇಳಲಿಲ್ಲ — ಅಂದೂ ಕೇಳಲಿಲ್ಲ, ಮುಂದೆಯೂ ಎಂದೂ ಕೇಳಲಿಲ್ಲ.

ಸೋಮವಾರ ಸಾವಂತರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಅವರು ಕೂಗಾಡುವವರಲ್ಲ, ಕೈಯೆರಡನ್ನೂ ಮೇಜಿನ ಮೇಲಿಟ್ಟು, “ಯೇ ಹುವಾ ಕೈಸೆ?” ಎಂದು, ಇದು ಹೇಗಾಯಿತೆಂದಷ್ಟೇ ಕೇಳಿದರು. ದಿನೇಶ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಸರ್, ದೋ ಅಲಗ್ ಕಂಪನಿ ಕಾ ಕಾರ್ಡ್ ಏಕ್ ಮಷೀನ್ ಮೆ ಡಾಲಾ, ಇಸೀಲಿಯೆ ಹುವಾ. ಮೈನೆ ತಬ್ ಭೀ ಬೋಲಾ ಥಾ.”

ಆಗಲೇ ಹೇಳಿದ್ದೆ ಎಂದೆ. ಹೇಳಿರಲಿಲ್ಲ. ಆಗ ನಾನು ಎಲ್ಲರ ಜೊತೆ ನಕ್ಕಿದ್ದೆ, ಅಷ್ಟೆ.

ದಿನೇಶ ನನ್ನನ್ನು ನೋಡಲಿಲ್ಲ. ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಆಮೇಲೆ ಹೇಳಿದ: “ಹಾ ಸರ್. ಐಡಿಯಾ ಮೇರಾ ಥಾ. ಗಲ್ತಿ ಮೇರೀ ಹೈ.”

ತಪ್ಪು ತನ್ನದೇ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ನಾನು ಏನೂ ಮುಟ್ಟಿಲ್ಲವೆಂದ ಮೇಲೆ ಉಳಿದದ್ದು ಆ ಎರಡು ಕಾರ್ಡುಗಳೇ ಅಲ್ಲವೇ?

ಇಷ್ಟಕ್ಕೆ ನಿಂತಿದ್ದರೂ ಒಂದು ಮಾತು. ಸಾವಂತರ ಕೋಣೆಯಿಂದ ಹೊರಬಂದ ಮೇಲೆ ಅವನು ಮೆಲ್ಲಗೆ ಹೇಳಿದ, “ಒಮ್ಮೆ ಲಾಗ್ ತೆಗೆದು ನೋಡ್ತೇನೆ ಭಾವ. ಯಾವಾಗ ಎಂತ ಆಯ್ತು ಅಂತ ಮಷೀನು ಬರೆದಿಟ್ಟಿರ್ತದೆ.” ನಾನು ಹಿರಿಯನ ದನಿಯಲ್ಲಿ ಹೇಳಿದೆ: “ಈಗ ಅದನ್ನ ನೋಡಿ ಏನ್ ಮಾಡ್ತಿ? ಆಗಿದ್ದು ಆಗಿಹೋತು. ಸರ್‌ಗೆ ಮಷೀನ್ ಇವತ್ತೇ ಬೇಕಂತ. ಎಲ್ಲಾ ಅಳಸಿ ಹೊಸದಾಗಿ ಹಾಕಿಬಿಡು. ಆ ಇನ್ನೊಂದು ಕಾರ್ಡ್ ತಗದಬಿಡು.”

ಅವನು ತನ್ನ ಕೈಯಾರೆ ಎಲ್ಲವನ್ನೂ ಅಳಿಸಿದ. ಕಾರ್ಡನ್ನು ಬಿಚ್ಚಿ, ಒರೆಸಿ, ಡಬ್ಬಿಯಲ್ಲಿಟ್ಟ. ನಾನು ಚಹ ತರಿಸಿದೆ.

ಬಿಲ್ಡರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಸಾವಂತರು ಆ ವಾರಾಂತ್ಯದೊಳಗೆ ದಿನೇಶನಿಗೆ ಬೇರೆ ಕಡೆ ನೋಡಿಕೋ ಎಂದರು. ನನ್ನನ್ನು ಬೇರೆಯಾಗಿ ಕರೆದು, ‘ನಿನ್ನ ಮನೆಯವನು ಎಂದು ಗೊತ್ತು, ಬೇಜಾರು ಮಾಡಿಕೊಳ್ಳಬೇಡ’ ಎಂದು ಸಮಾಧಾನ ಹೇಳಿದರು. ನನಗೆ ಸಮಾಧಾನ!

ಮನೆಯಲ್ಲಿ ಶೈಲಾ ತಮ್ಮನನ್ನು ಬಿಡಲಿಲ್ಲ. “ನಿನ್ನನ್ನು ನಂಬಿ ಇವರು ತಮ್ಮ ಹೆಸರು ಮುಂದೆ ಮಾಡಿದ್ದು. ನಿನ್ನ ದೊಡ್ಡಸ್ತಿಕೆಯಿಂದ ಇವರ ಮರ್ಯಾದೆ ಹೋಯ್ತು. ಎಲ್ಲದರಲ್ಲೂ ನಿನ್ನದೇ ಬುದ್ಧಿ ಓಡಿಸ್ಲಿಕ್ಕೆ ಯಾರು ಹೇಳಿದ್ದು?” ಎಂದು ಅತ್ತು ಕೂಗಿದಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ‘ಸಾಕು ಬಿಡು’ ಎಂದೆ, ಔದಾರ್ಯ ತೋರುವವನ ಹಾಗೆ. ದಿನೇಶ ಎದ್ದು ನನ್ನ ಬಳಿ ಬಂದು ಕೈಮುಗಿದ. ಅಷ್ಟು ಸಣ್ಣ ದನಿಯನ್ನು ನಾನು ಅವನ ಬಾಯಲ್ಲಿ ಹಿಂದೆ ಕೇಳಿರಲಿಲ್ಲ.

“ಭಾವ, ನನ್ನಿಂದ ನಿಮಗೆ ತಲೆ ತಗ್ಗಿಸುವ ಹಾಗೆ ಆಯ್ತು. ಮನಸ್ಸಿನಲ್ಲಿ ಇಟ್ಕೊಳ್ಬೇಡಿ.”

ನಾನು ಅವನ ಬೆನ್ನು ತಟ್ಟಿ, “ಇರ್ಲಿ ಬಿಡು” ಎಂದೆ.

ನಾನು ಅವನನ್ನು ಕ್ಷಮಿಸಿದೆ. ಉಳಿದುದೆಲ್ಲ — ಅಪ್‌ಡೇಟು, ಗುಂಡಿ, ಆ ‘ಇಲ್ಲ’ ಕೂಡ — ಹೆದರಿಕೆಯಿಂದ ಆದದ್ದು ಎಂದು ಹೇಗೋ ಹೊದಿಸಿಡಬಹುದು. ಆದರೆ ಅವನು ಕೈಮುಗಿದು ನಿಂತಾಗ ಆ ಕ್ಷಮೆಯಾಚನೆಯನ್ನು ಒಪ್ಪಿಕೊಂಡೆನಲ್ಲ, ಅದು ಯಾವ ಹೆದರಿಕೆ?

ದಿನೇಶ ಅಪ್ಪನ ಹೋಟೆಲಿನ ಗಲ್ಲೆಗೆ ಹೋಗಿ ಕುಳಿತ. ಕೆಲ ತಿಂಗಳು, ಬೇರೆ ಕೆಲಸ ಸಿಗುವವರೆಗೆ ಎಂದು. ಬೇರೆ ಕೆಲಸ ಅವನು ಹುಡುಕಲೇ ಇಲ್ಲ. ಅಂಗಡಿಯ ಮಾತು ನಿಂತಿತು. ಜೊತೆಗೂಡುತ್ತೇನೆಂದಿದ್ದ ಗೆಳೆಯ ಎರಡು ಸಲ ಬಂದು ಕೇಳಿದನಂತೆ. ‘ಜನರ ಕೆಲಸ ಹಾಳು ಮಾಡಿದ್ರೆ ಯಾರು ಜವಾಬ್ದಾರಿ’ ಎಂದನಂತೆ ಇವನು. ಹೋಟೆಲಿನ ಬಿಲ್ಲಿಂಗ್ ಯಂತ್ರ ಕೆಟ್ಟರೂ ಕಂಪನಿಯವರಿಗೆ ಫೋನು ಮಾಡಿ ಅವರು ಬರುವವರೆಗೆ ಕೈಕಟ್ಟಿ ಕಾಯುತ್ತಿದ್ದ. ಒಮ್ಮೆ ನಮ್ಮ ಮನೆಯ ವೈಫೈ ಕೆಟ್ಟಾಗ ಶೈಲಾ ಅವನಿಗೆ ಹೇಳಿದಳು. ಅವನು ತಂತಿ ಹಿಡಿದುಕೊಂಡು ನನ್ನನ್ನು ಕೇಳಿದ, “ಇದನ್ನು ತೆಗೀಬಹುದಾ ಭಾವ?” ತೆಗೆದ ಮೇಲೆ, “ಸರಿ ಉಂಟಲ್ಲ?” ಹಾಕುವ ಮೊದಲು ಮತ್ತೆ, “ಇಲ್ಲಿಗೇ ಅಲ್ವಾ?”

ಲೋಕವನ್ನೇ ಬಿಚ್ಚಿ ಜೋಡಿಸುತ್ತೇನೆಂದು ಹೊರಟಿದ್ದವನು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಸಿಗರೇಟಿನ ನೆಪದಿಂದ ಕೆಳಗಿಳಿದೆ.

ಮಾವನಿಗೆ ಇದೊಂದು ಕತೆಯಾಯಿತು. ಮದುವೆ, ಮುಂಜಿ, ಪೂಜೆ — ನಾಲ್ಕು ಜನ ಸೇರಿದಲ್ಲಿ ಅವರು ನಗುತ್ತ ಹೇಳುತ್ತಿದ್ದರು: “ನಮ್ಮವ ಎರಡು ಕಂಪನಿಗೆ ಮದುವೆ ಮಾಡ್ಸಲಿಕ್ಕೆ ಹೋದವ. ಸ್ವಲ್ಪ ದಿನದಲ್ಲೇ ಡೈವರ್ಸು! ಈಗ ಸುಮ್ಮನೆ ಇಡ್ಲಿ ಲೆಕ್ಕ ಮಾಡ್ತಾನೆ.” ಜನ ನಗುತ್ತಿದ್ದರು. ದಿನೇಶನೂ ನಗುತ್ತಿದ್ದ. ನಾನು ನೀರು ಕುಡಿಯುತ್ತಿದ್ದೆ. ಯಾವ ಸಮಾರಂಭಕ್ಕೆ ಹೋದರೂ ನನ್ನ ಕೈಯಲ್ಲಿ ಒಂದು ನೀರಿನ ಲೋಟ ಇರುತ್ತಿತ್ತು.

ಹೇಳಬೇಕೆಂದು ಅನ್ನಿಸಿದ್ದು ಇಲ್ಲವೆಂದಲ್ಲ. ಅವನ ಮದುವೆಯ ಮಾತು ಬಂದಾಗ ಹೇಳೋಣವೆಂದುಕೊಂಡೆ — ಈಗ ಬೇಡ, ಮನೆಯಲ್ಲಿ ಸಂತೋಷವಿದೆ. ಸಾವಂತರ ಸ್ಟುಡಿಯೊ ಮುಚ್ಚಿದಾಗ ಅಂದುಕೊಂಡೆ — ಇನ್ನು ಹೇಳಿ ಏನು, ಅದೇ ಇಲ್ಲ. ಹೀಗೆ ಪ್ರತಿ ಸಲವೂ ಒಂದು ಕಾರಣ. ಆಮೇಲೆ ಕಾರಣವೂ ಬೇಕಾಗಲಿಲ್ಲ.

ಈ ವರ್ಷ ನನ್ನ ಮಗಳು ಗೌರಿ ಅದನ್ನು ಎತ್ತಿದಳು, ತನಗೆ ತಿಳಿಯದೆ. ಕಾಲೇಜಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಅವಳ ಕಂಪ್ಯೂಟರಿನಲ್ಲಿ ಒಂದು ಕಂಪನಿಯ ಕಾರ್ಡಿತ್ತು. ಗೆಳತಿಯೊಬ್ಬಳು ಹೊಸದು ಕೊಂಡು ತನ್ನ ಹಳೆಯದನ್ನು ಇವಳಿಗೆ ಕೊಟ್ಟಳು. ಅದು ಇನ್ನೊಂದು ಕಂಪನಿಯದು. ಭಾನುವಾರ ಊಟಕ್ಕೆ ಬಂದಿದ್ದ ದಿನೇಶ ಅವಳ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ಕಂಡ. ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು, ಹೆದರಿದವನಂತೆ ಒಳಗೆ ಹೋದ.

“ಬೇಡ ಮಗಾ, ತೆಗಿ ಅದನ್ನು. ಎರಡು ಬೇರೆ ಬೇರೆ ಹಾಕ್ಬಾರ್ದು. ನಿನ್ನ ಕೆಲಸ ಎಲ್ಲ ಹೋಗ್ತದೆ. ನನಗೆ ಆಗಿದೆ, ಅದಕ್ಕೆ ಹೇಳುದು.”

ಗೌರಿ ನಕ್ಕಳು. “ಅರೆ ಮಾಮ, ಕುಛ್ ನಹೀ ಹೋತಾ, ಏನೂ ಆಗಲ್ಲ. ನೋಡು ನಾ, ಒಂದು ರೆಂಡರ್‌ಗೆ, ಒಂದು ಬಾಕಿ ಕೆಲಸಕ್ಕೆ. ಆರಾಮಸೆ ಚಲ್ತಾ ಹೈ. ಕ್ಲಾಸಲ್ಲಿ ಇನ್ನೂ ಇಬ್ಬರು ಹಿಂಗೇ ಮಾಡಿದಾರೆ.”

ಅವನು ಬಗ್ಗಿ ನೋಡಿದ. ಪರದೆಯಲ್ಲಿ ಎರಡು ಕಾರ್ಡುಗಳ ಹೆಸರೂ ಒಂದರ ಕೆಳಗೊಂದು ಇದ್ದವು. ಅವನ ಮಾತೇ, ಅವನು ಹಂಚಿಕೊಟ್ಟ ರೀತಿಯೇ. ತುಂಬ ಹೊತ್ತು ನೋಡಿದ ಮೇಲೆ ತನಗೇ ಹೇಳಿಕೊಳ್ಳುವಂತೆ ಅಂದ: “ಹಾಗಾದ್ರೆ ನಾನು ಎಲ್ಲಿ ತಪ್ಪಿದ್ದು?”

ಕೇಳಿದ್ದು ನನ್ನನ್ನಲ್ಲ. ನಾನು ಬಾಗಿಲಲ್ಲಿದ್ದೆ.

ಮರುದಿನ ಮಧ್ಯಾಹ್ನ ರಜೆ ಹಾಕಿ ಹೋಟೆಲಿಗೆ ಹೋದೆ. ಊಟದ ಗದ್ದಲ ಮುಗಿದು, ಸಂಜೆಯ ತಿಂಡಿ ಶುರುವಾಗದ ಹೊತ್ತು. ಮೇಜುಗಳ ಮೇಲೆ ಕುರ್ಚಿ ಎತ್ತಿಟ್ಟು ನೆಲ ಒರೆಸುತ್ತಿದ್ದರು. ದಿನೇಶ ಒಂದು ಕುರ್ಚಿ ಇಳಿಸಿ ಕೊಟ್ಟ, ಕಾಫಿ ಹೇಳಿದ. ಕಾಫಿ ಬರುವ ಮೊದಲೇ ನಾನು ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತುಗಳೆಲ್ಲ ಬಿದ್ದುಹೋದವು. “ಆ ದಿನ ಅಪ್‌ಡೇಟ್ ನಾ ಒತ್ತಿದ್ದೆ. ಮಷೀನ್ ನಾನ ಬಂದ್ ಮಾಡಿದ್ದೆ. ನಿನ್ನ ಕಾರ್ಡಿಂದ ಏನೂ ಆಗಿರಲಿಲ್ಲ ದಿನೇಶ.”

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಲೆಂದು ಬಯಸಿದ್ದೆ. ಅವನು ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿ, ಗಲ್ಲೆಯ ಮೇಲಿನ ಚಿಲ್ಲರೆಯನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸಿದ.

“ನಾನು ಆ ದಿನ ಲಾಗ್ ನೋಡ್ಬಹುದಿತ್ತು ಭಾವ,” ಎಂದ. “ಶನಿವಾರವೇ ನೋಡ್ಬಹುದಿತ್ತು. ಎರಡು ನಿಮಿಷದ ಕೆಲಸ. ನೀವು ಮುಟ್ಟಿಲ್ಲ ಅಂದ್ರಲ್ಲ. ಮತ್ತೆ ನೋಡುದು ಅಂದ್ರೆ ನಿಮ್ಮನ್ನು ನಂಬುದಿಲ್ಲ ಅಂತ ಆಗ್ತದೆ, ಅದಕ್ಕೆ ನೋಡ್ಲಿಲ್ಲ. ಸೋಮವಾರ ನನ್ನ ತಪ್ಪು ಎಲ್ಲಿ ಅಂತ ನೋಡುವ ಅಂದ್ರೆ ನೀವು ಬೇಡ ಅಂದ್ರಿ.”

ಅವನು ಜೋಡಿಸಿದ ಚಿಲ್ಲರೆಯನ್ನು ಡ್ರಾಯರಿಗೆ ಸುರಿದ.

“ಈಗ ತಿಳಿದು ಎಂತ ಮಾಡುದು? ನನ್ನ ಕೈಗೆ ಹೆದರಿಕೆ ಅಭ್ಯಾಸ ಆಯ್ತು. ಅದು ಹೋಗ್ತದೋ ಇಲ್ವೋ ಗೊತ್ತಿಲ್ಲ.” ಆಮೇಲೆ ಕೇಳಿದ, “ಅಕ್ಕನಿಗೆ ಹೇಳಿದ್ರಾ?”

“ಇಲ್ಲ.”

“ಹೇಳಿ,” ಎಂದ. “ನಾನು ಹೇಳುದಿಲ್ಲ. ನೀವೇ ಹೇಳಿ. ಅಪ್ಪನಿಗೂ.”

ಶೈಲಾಳಿಗೆ ಅಂದೇ ಸಂಜೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೊನೆಯವರೆಗೂ ಕೇಳಿದಳು, ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. “ಅವನು ನಿಮ್ಮ ಹತ್ರ ತಪ್ಪಾಯ್ತು ಅಂತ ನಿಂತಿದ್ದ,” ಎಂದಳು. “ನಾನು ಬೈದೆ. ನೀವು ಕೂತು ಕೇಳಿದ್ರಿ.” ಅಷ್ಟೇ ಅಂದದ್ದು. ಆ ಸಂಜೆಯಿಂದ ಅವಳು ನನ್ನ ಊಟ ತಿಂಡಿಯಲ್ಲಿ ಯಾವ ಕೊರತೆಯನ್ನೂ ಮಾಡಿಲ್ಲ. ಮಾತಿನಲ್ಲಿ ಮಾತ್ರ ಉಪಚಾರ ಹೆಚ್ಚಾಗಿದೆ, ದೂರದ ನೆಂಟರ ಜೊತೆ ಮಾತಾಡುವ ಹಾಗೆ. ಶನಿವಾರ ಮಧ್ಯಾಹ್ನ ಒಬ್ಬಳೇ ತವರಿಗೆ ಹೋಗುತ್ತಾಳೆ. ನಾನು ಬರಲೇ ಎಂದು ಕೇಳಿಲ್ಲ.

ಉಳಿದದ್ದು ಮಾವ. ಅವರಿಗೆ ವಯಸ್ಸಾಗಿದೆ, ಕಿವಿ ಮಂದ, ಬಿಟ್ಟುಬಿಡಬಹುದಿತ್ತು. ಆದರೆ ಆ ಕತೆಯನ್ನು ಊರೆಲ್ಲ ಹಬ್ಬಿಸಿದವರು ಅವರೇ. ಹೋದ ಗುರುವಾರ ಅವರ ಮನೆಗೆ ಹೋದೆ. ದಿನೇಶ ಒಳಗಿನ ಕೋಣೆಯಲ್ಲಿ ಮಲಗಿದ್ದ. ಮಧ್ಯಾಹ್ನದ ಪಾಳಿ ಮುಗಿಸಿ ಬಂದು ಸ್ವಲ್ಪ ಹೊತ್ತು ಒರಗುವುದು ಅವನ ರೂಢಿ. ಮಾವ ಕಿಟಕಿಯ ಬಳಿ ಕುಳಿತಿದ್ದರು. ಹತ್ತಿರ ಕುಳಿತು, ದನಿಯೇರಿಸಿ, ಎಲ್ಲವನ್ನೂ ಹೇಳಿದೆ. ಕಾರ್ಡು, ಡ್ರೈವರು ಎಂಬುದು ಅವರಿಗೆ ತಿಳಿಯಲಿಲ್ಲ. “ತಪ್ಪು ನಂದು ಮಾವ. ಅವಂದಲ್ಲ. ಸುಳ್ಳು ಹೇಳಿ ಅವನ ಮ್ಯಾಲೆ ಹಾಕಿದೆ,” ಎಂದದ್ದು ತಿಳಿಯಿತು.

ಅವರು ಬೈಯುತ್ತಾರೆಂದು ಕಾದೆ. ಅವರು ತಮ್ಮ ಮೊಣಕಾಲು ಉಜ್ಜಿಕೊಂಡರು.

“ಹಾಗಾದ್ರೆ ನಾನು ಅವನಿಗೆ ಇಷ್ಟು ವರ್ಷ ಹೇಳಿದ್ದೆಲ್ಲ?” ಎಂದು ಕೇಳಿದರು. “ಎಲ್ಲರ ಎದುರು ಹೇಳಿದ್ದೆಲ್ಲ?”

ಅವರು ಕೋಲು ಹುಡುಕಿದರು. ಎತ್ತಿಕೊಡಲು ಕೈ ಚಾಚಿದೆ; ನನ್ನ ಕೈಯಿಂದ ತೆಗೆದುಕೊಳ್ಳದೆ, ಗೋಡೆ ಹಿಡಿದು ಎದ್ದರು. ಒಂದೊಂದೇ ಹೆಜ್ಜೆ ಇಟ್ಟು ಒಳಗಿನ ಕೋಣೆಯ ತನಕ ಹೋದರು. “ದಿನೇಶಾ, ಎದ್ದಿದ್ದೀಯಾ?” ಎಂದು ಕರೆದರು. ಆ ದನಿಯಲ್ಲಿ ಅವರು ಮಗನನ್ನು ಕರೆದದ್ದನ್ನು ನಾನು ಹಿಂದೆ ಕೇಳಿಲ್ಲ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ. ಒಳಗೆ ಅಪ್ಪ ಮಗ ಏನು ಮಾತಾಡಿದರೋ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.